ಮಾರಿದ ಮಾಲು ಮರಳುವುದು ಯಾವಾಗ?

ದೋಷವಿರುವ ಸರಕನ್ನು ಮಾರಿ, ಅದನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಭಾರತದ ಕಾನೂನಿನ ಲೆಕ್ಕದಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದನ್ನು ಬಿಡಿಸಿಯೇ ಹೇಳಿದೆ. ವಾಪಸಾತಿಗೆ ಇಂತಿಷ್ಟು ದಿನ ಎಂದು ಬಿಲ್ಲಿನಲ್ಲಿ ನಮೂದಿಸಿದ್ದರೆ ಅಷ್ಟರೊಳಗೆ, ಏನನ್ನೂ ಬರೆಯದಿದ್ದರೆ 30 ದಿನದೊಳಗೆ ಹಣ ಹಿಂದಿರುಗಬೇಕು. 1986ರ ಹಳೆಯ ಕಾಯ್ದೆಯ ಪಟ್ಟಿಯಲ್ಲಿ ಈ ಅಂಶ ಇರಲಿಲ್ಲ. 2020ರ ಜುಲೈ 20ರಂದು ಹೊಸ ಕಾಯ್ದೆ ಜಾರಿಗೆ ಬಂದಾಗ ಸೇರಿತು. ಬಿಲ್ಲು ಕೊಡದಿರುವುದೂ ಅನುಚಿತ ಪದ್ಧತಿ ಎನಿಸಿಕೊಂಡದ್ದು ಆಗಲೇ. ಎರಡೂ ಜೊತೆಯಾಗಿ ಬಂದದ್ದು ಸರಿಯೇ ಆಯಿತು, ಬಿಲ್ಲು ಕೈಯಲ್ಲಿಲ್ಲದವನ ಮಾತನ್ನು ಅಂಗಡಿಯಾತ ಕೇಳಿಸಿಕೊಳ್ಳುವುದು ಅಪರೂಪ.

ಹಾಗಿದ್ದರೂ ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಸಾಲು ಬಿಲ್ ಪುಸ್ತಕಗಳ ಅಡಿಯಲ್ಲಿ ಇಂದಿಗೂ ಅಚ್ಚಾಗುತ್ತಲೇ ಇದೆ. ಇದು ಅನುಚಿತ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆದದ್ದು 1999ರಲ್ಲೇ. ಸಾಲು ಪೂರ್ತಿ ಸುಳ್ಳೂ ಅಲ್ಲ ಎಂಬುದರಿಂದಲೇ ಗೊಂದಲ ಉಳಿದುಕೊಂಡಿದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೀಲಿಯಾಗಿ ಕಂಡ ಸೀರೆ ಮನೆಯ ಹಗಲು ಬೆಳಕಿನಲ್ಲಿ ಹಸಿರಾಗಿ ಕಂಡಿತು, ಅತ್ತೆಗೆ ಹಿಡಿಸಲಿಲ್ಲ, ಅದೇ ಸೀರೆ ಪಕ್ಕದ ಬೀದಿಯಲ್ಲಿ ಇನ್ನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತು: ಇವು ಯಾವುವೂ ದೋಷವಲ್ಲ. ಮನಸ್ಸು ಬದಲಾದದ್ದಕ್ಕೆ ಹಣ ವಾಪಸ್ ಕೇಳುವ ಹಕ್ಕನ್ನು ಈ ಕಾಯ್ದೆ ಕೊಟ್ಟಿಲ್ಲ. ಅಂಗಡಿಯಾತ ಬದಲಿಸಿ ಕೊಟ್ಟರೆ ಅದು ಅವನ ಸೌಜನ್ಯ, ಇಲ್ಲವೇ ಅವನೇ ಸಾರಿಕೊಂಡ ನಿಯಮ. ಆದರೆ ಅದೇ ಸೀರೆಯ ಒಳಮಡಿಕೆಯಲ್ಲಿ ಗೇಣುದ್ದ ನೇಯ್ಗೆಯ ಎಳೆ ತಪ್ಪಿದ್ದರೆ, ಅಪ್ಪಟ ರೇಷ್ಮೆ ಎಂದು ಕೊಟ್ಟದ್ದರಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ, ಬಿಲ್ಲಿನಡಿಯ ಸಾಲಿಗೆ ಕವಡೆ ಕಿಮ್ಮತ್ತಿಲ್ಲ.

ದೋಷ ಎಂಬ ಪದಕ್ಕೆ ಕಾಯ್ದೆ ಕೊಡುವ ವ್ಯಾಪ್ತಿ ಸಾಮಾನ್ಯವಾಗಿ ಅಂದುಕೊಳ್ಳುವುದಕ್ಕಿಂತ ದೊಡ್ಡದು. ಗುಣಮಟ್ಟ, ಪ್ರಮಾಣ, ಸತ್ವ, ಶುದ್ಧತೆ, ಮಾನಕ, ಇವುಗಳಲ್ಲಿ ಯಾವುದರಲ್ಲಿ ಕೊರತೆಯಿದ್ದರೂ ಅದು ದೋಷವೇ. ಆ ಮಟ್ಟವನ್ನು ಕಾನೂನು ಗೊತ್ತುಮಾಡಿರಬಹುದು, ಕೊಳ್ಳುವಾಗಿನ ಕರಾರು ಗೊತ್ತುಮಾಡಿರಬಹುದು, ಅಥವಾ ಮಾರುವವನೇ ಬಾಯಿಬಿಟ್ಟು ಹೇಳಿರಬಹುದು. ಕೊನೆಯದು ಬಹಳ ಮುಖ್ಯ. ಒಮ್ಮೆ ಚಾರ್ಜ್ ಮಾಡಿದರೆ ನೂರು ಕಿಲೋಮೀಟರ್ ಓಡುತ್ತದೆ ಎಂದು ಜಾಹೀರಾತು ಮಾಡಿ ಮಾರಿದ ಸ್ಕೂಟರ್ ಅರವತ್ತಕ್ಕೇ ನಿಂತರೆ, ಕೆಟ್ಟುಹೋಗದೆಯೂ ಅದು ದೋಷವಿರುವ ಸರಕು.

ಹಕ್ಕು ಕೊಂಡವನದು ಮಾತ್ರವಲ್ಲ, ಅವನ ಒಪ್ಪಿಗೆಯಿಂದ ಬಳಸುವವರದೂ ಹೌದು. ಮದುವೆಗೆ ಉಡುಗೊರೆ ಬಂದ ಕುಕ್ಕರಿನ ಬಗ್ಗೆ ಮದುಮಗಳೇ ದೂರು ಕೊಡಬಹುದು. ಕಂತಿನಲ್ಲಿ ಕೊಂಡು ಇನ್ನೂ ಅರ್ಧ ಹಣ ಬಾಕಿಯಿದ್ದರೂ ತೊಂದರೆಯಿಲ್ಲ. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಮಾತ್ರ ಕಾಯ್ದೆ ಹೊರಗಿಟ್ಟಿದೆ. ಅಲ್ಲಿಯೂ, ಹೊಟ್ಟೆಪಾಡಿಗಾಗಿ ತಾನೇ ಕೂತು ಹೊಲಿಯಲು ಹೊಲಿಗೆ ಯಂತ್ರ ಕೊಂಡ ದರ್ಜಿ ಗ್ರಾಹಕನೇ. ಹತ್ತು ಯಂತ್ರ ಹಾಕಿ ಕೆಲಸಗಾರರನ್ನು ಇಟ್ಟುಕೊಂಡ ಗಾರ್ಮೆಂಟ್ ಮಾಲೀಕ ಅಲ್ಲ.

ಮಿಕ್ಸಿಯೊಂದು ಮೂರನೇ ವಾರಕ್ಕೆ ಸುಟ್ಟ ವಾಸನೆ ಬಿಟ್ಟು ನಿಂತಿತು ಎನ್ನೋಣ. ಅಂಗಡಿಯಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: ‘ನಾವು ಮಾರುವವರು ಅಷ್ಟೇ, ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ.’ ಸರ್ವಿಸ್ ಸೆಂಟರಿನವರು ಜಾಬ್ ಶೀಟಿನಲ್ಲಿ ‘ಜನರಲ್ ಚೆಕಪ್’ ಎಂದು ಗೀಚಿ, ನಾಲ್ಕು ದಿನ ಬಿಟ್ಟು ಮಿಕ್ಸಿ ವಾಪಸ್ ಕೊಡುತ್ತಾರೆ. ಹತ್ತು ದಿನಕ್ಕೆ ಮತ್ತೆ ಅದೇ ವಾಸನೆ. ಹೀಗೆ ಎರಡು ಮೂರು ಸುತ್ತು ಅಲೆದಾಗ ಗ್ರಾಹಕನಿಗೆ ಅದು ಬರೀ ಕಾಲಹರಣ. ಮುಂದೆ ಗ್ರಾಹಕರ ವ್ಯಾಜ್ಯ ತೀರ್ಮಾನಿಸುವ ಆಯೋಗದ ಎದುರು ನಿಂತಾಗ ತಯಾರಿಕೆಯಲ್ಲೇ ದೋಷವಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಜಾಬ್ ಶೀಟಿನಲ್ಲಿ ‘ಮೋಟಾರು ಬಿಸಿಯಾಗಿ ನಿಂತುಹೋಗುತ್ತದೆ’ ಎಂದೇ ಬರೆಸಿ ದಿನಾಂಕ ಹಾಕಿಸಿಕೊಂಡರೆ ಮಾತ್ರ ಆ ಸಾಕ್ಷಿಗೆ ತೂಕ. ಬಿಲ್ಲಿನದು ಇನ್ನೊಂದು ಕಥೆ. ಈಗಿನ ಥರ್ಮಲ್ ಕಾಗದದ ಬಿಲ್ಲು ಬೇಸಿಗೆಯೊಂದು ಕಳೆಯುವಷ್ಟರಲ್ಲಿ ಅಕ್ಷರ ಮಾಸಿ ಬರೀ ಹಾಳೆಯಾಗುತ್ತದೆ. ವಾರಂಟಿ ಎರಡು ವರ್ಷದ್ದು, ಅದನ್ನು ಸಾಬೀತುಪಡಿಸುವ ಕಾಗದದ ಆಯುಸ್ಸು ಆರು ತಿಂಗಳು! ಕೊಂಡ ದಿನವೇ ಫೋಟೋ ತೆಗೆದಿಟ್ಟುಕೊಳ್ಳುವುದೊಂದೇ ದಾರಿ.

ರಿಪೇರಿಯೋ, ಬದಲಿ ಸರಕೋ, ಹಣ ವಾಪಸೋ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಆಯೋಗ. ಕಾಯ್ದೆಯ 39ನೇ ಸೆಕ್ಷನ್ ಈ ಮೂರನ್ನೂ ಆದೇಶಿಸುವ ಅಧಿಕಾರ ಕೊಟ್ಟಿದೆ. ಹಣದ ಮೇಲೆ ಬಡ್ಡಿ, ಆದ ನಷ್ಟಕ್ಕೆ ಪರಿಹಾರ, ಖರ್ಚುವೆಚ್ಚ ಪ್ರತ್ಯೇಕ. ಕೇಳಿದ್ದೆಲ್ಲ ಸಿಗುತ್ತದೆ ಎಂದೇನೂ ಅಲ್ಲ. 2006ರಲ್ಲಿ ಕಾರೊಂದರ ಕ್ಲಚ್ ದೋಷದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಿಡಿಭಾಗ ಬದಲಿಸಿದರೆ ಸಾಲುವಲ್ಲಿ ಇಡೀ ಕಾರನ್ನೇ ಬದಲಿಸಿ ಕೊಡಿ ಎನ್ನಲಾಗದು ಎಂದಿತು. 2022ರಲ್ಲಿ, ಅಪಘಾತದ ವೇಳೆ ಏರ್‌ಬ್ಯಾಗ್ ತೆರೆದುಕೊಳ್ಳದ ಕಾರಿನ ಪ್ರಕರಣದಲ್ಲಿ ವಾಹನವನ್ನೇ ಬದಲಿಸಿಕೊಡಬೇಕೆಂಬ ಆದೇಶವನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ಸವೆದು ಬದಲಾಗಬಹುದಾದ ಭಾಗ ಒಂದು, ಜೀವ ಕಾಯಲೆಂದೇ ಇರುವ ಭಾಗ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ದೋಷಕ್ಕೆ ಯಾವ ಪರಿಹಾರ ಎಂಬ ಅಂದಾಜು ಸಿಗುತ್ತದೆ.

ದೋಷವನ್ನು ಸಾಬೀತುಪಡಿಸುವುದು ಕಠಿಣವಾಗುವುದು ಬಳಸಿದ ಕೂಡಲೇ ಇಲ್ಲವಾಗುವ ಸರಕಿನಲ್ಲಿ. ಬಿತ್ತನೆ ಬೀಜ ಇದಕ್ಕೆ ಒಳ್ಳೆಯ ಉದಾಹರಣೆ. ಬೀಜ ಕೆಟ್ಟದ್ದೆಂದು ರೈತನಿಗೆ ಗೊತ್ತಾಗುವುದು ಅದು ಮಣ್ಣು ಸೇರಿದ ಮೇಲೆ. ಅಷ್ಟು ಹೊತ್ತಿಗೆ ಲ್ಯಾಬಿಗೆ ಕಳಿಸಲು ಚೀಲದಲ್ಲಿ ಒಂದು ಕಾಳೂ ಉಳಿದಿರುವುದಿಲ್ಲ. ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ವ್ಯಾಜ್ಯದಲ್ಲಿ ನಿಗಮ ಹೂಡಿದ ವಾದಗಳಲ್ಲಿ ಇದೂ ಒಂದು: ಬೀಜವನ್ನು ಪರೀಕ್ಷೆ ಮಾಡಿಸಿಲ್ಲ, ಹಾಗಾಗಿ ದೋಷ ರುಜುವಾತಾಗಿಲ್ಲ. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಮುಂದೆಂದೋ ಮೊಕದ್ದಮೆ ಹೂಡಬೇಕಾದೀತು ಎಂದು ಯಾವ ರೈತನೂ ಒಂದು ಹಿಡಿ ಬೀಜ ಎತ್ತಿಡುವುದಿಲ್ಲ, ಇದ್ದದ್ದೆಲ್ಲವನ್ನೂ ಬಿತ್ತುತ್ತಾನೆ. ಅದೇ ಲಾಟಿನ ಬೀಜ ಕಂಪನಿಯ ಬಳಿ ಇರುತ್ತದೆ, ಬೇಕಿದ್ದರೆ ಅಲ್ಲಿಂದ ತರಿಸಬಹುದು ಎಂಬುದು ತೀರ್ಪಿನ ಧಾಟಿ. ಬೆಳೆದದ್ದನ್ನು ಮಾರುತ್ತಾನೆಂಬ ಕಾರಣಕ್ಕೆ ರೈತ ಗ್ರಾಹಕನಲ್ಲ ಎಂಬ ವಾದವೂ ಬಿದ್ದುಹೋಯಿತು. ಹಾವೇರಿಯ ಮೆಕ್ಕೆಜೋಳದ ರೈತನಿಗೂ ರಾಯಚೂರಿನ ಹತ್ತಿಯ ರೈತನಿಗೂ ಇದು ಅಷ್ಟೇ ಅನ್ವಯ. ಲಾಟ್ ನಂಬರಿರುವ ಚೀಲ, ಅದಕ್ಕೆ ಹೊಲಿದ ಟ್ಯಾಗು, ಗೊಬ್ಬರದಂಗಡಿಯ ರಸೀದಿ, ಹೊಲ ನೋಡಿ ಕೃಷಿ ಇಲಾಖೆಯವರು ಕೊಟ್ಟ ವರದಿ, ಇವಿಷ್ಟು ಜೋಪಾನವಾಗಿದ್ದರೆ ಕಾಳಿಲ್ಲದೆಯೂ ಪ್ರಕರಣ ನಿಲ್ಲುತ್ತದೆ.

ಚಿನ್ನಕ್ಕೆ ಬೇರೆಯದೇ ಲೆಕ್ಕ. ಹಾಲ್‌ಮಾರ್ಕ್ ಹಾಕಿದ ಒಡವೆಯ ಶುದ್ಧತೆ ಮುದ್ರೆಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಎಂದು ಪರೀಕ್ಷೆಯಲ್ಲಿ ಕಂಡರೆ, ಆ ತೂಕಕ್ಕೆ ಬರುವ ವ್ಯತ್ಯಾಸದ ಮೊತ್ತದ ಎರಡರಷ್ಟನ್ನೂ ಪರೀಕ್ಷೆಯ ಶುಲ್ಕವನ್ನೂ ಕೊಡಬೇಕೆಂದು ಭಾರತೀಯ ಮಾನಕ ಬ್ಯೂರೋದ 2018ರ ನಿಯಮಗಳು ಹೇಳುತ್ತವೆ.

ಆನ್‌ಲೈನ್ ಖರೀದಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ದೋಷವಿರುವ, ನಕಲಿಯಾದ, ತೋರಿಸಿದ್ದೊಂದು ಬಂದದ್ದೊಂದಾದ ಸರಕನ್ನು ಮಾರಾಟಗಾರ ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಹೇಳಿದ ದಿನಕ್ಕೆ ಬಾರದೆ ತಡವಾಗಿ ಬಂದ ಸರಕಿಗೂ ಇದೇ ನಿಯಮ. ಹಬ್ಬ ಮುಗಿದ ಮೇಲೆ ಬಂದ ಹಬ್ಬದ ಬಟ್ಟೆಯನ್ನು ಸುಮ್ಮನೆ ಇಟ್ಟುಕೊಳ್ಳಬೇಕಾಗಿಲ್ಲ. ಪ್ರತಿ ಜಾಲತಾಣಕ್ಕೂ ಕುಂದುಕೊರತೆ ಅಧಿಕಾರಿ ಇರಬೇಕು, 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ‘ಏಳು ದಿನ ಕಳೆದಿದೆ, ವಾಪಸಾತಿಯ ಬಟನ್ ಮುಚ್ಚಿದೆ’ ಎಂಬುದು ಆ ಕಂಪನಿಯ ಆ್ಯಪಿನ ಏರ್ಪಾಡು, ಕಾನೂನಿನದಲ್ಲ. ಡಬ್ಬಿ ಬಿಚ್ಚುವಾಗಿನ ವಿಡಿಯೋವನ್ನೂ ಕಾನೂನು ಕೇಳುವುದಿಲ್ಲ, ಆದರೆ ಮೊಬೈಲಿನ ಬದಲು ಸೋಪು ಬಂದಾಗ ಅದರಷ್ಟು ನೆರವಿಗೆ ಬರುವುದು ಬೇರೊಂದಿಲ್ಲ.

ಮಾತಿನಲ್ಲಿ ಬಗೆಹರಿಯದಿದ್ದರೆ ಮೊದಲು ಲಿಖಿತ ದೂರು, ಆಮೇಲೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸಹಾಯವಾಣಿ ನ್ಯಾಯಾಲಯವಲ್ಲ; ಕಂಪನಿಗೆ ದೂರು ದಾಟಿಸಿ ಉತ್ತರ ತರಿಸುತ್ತದೆ, ಆದೇಶ ಮಾಡಲಾರದು. ಆದರೂ ಅಂಗಡಿಯಲ್ಲಿ ಅಲುಗದ ಎಷ್ಟೋ ದೂರುಗಳು ಅಲ್ಲಿ ಅಲುಗುತ್ತವೆ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಅಲ್ಲಿಗೇ ಹೋಗಬೇಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಸರಕು ಬೆಂಗಳೂರಿನಲ್ಲಿ ಕೊಂಡದ್ದಾದರೂ ಬೀದರಿನಲ್ಲಿ ವಾಸಿಸುವವರು ಬೀದರಿನಲ್ಲೇ ದೂರು ಕೊಡಬಹುದು. ಹಳೆಯ ಕಾಯ್ದೆಯಲ್ಲಿ ಇಲ್ಲದಿದ್ದ ಈ ಸೌಲಭ್ಯವೇ ಹೊಸ ಕಾಯ್ದೆಯ ದೊಡ್ಡ ಉಪಕಾರ ಎನ್ನಬೇಕು. ಮನೆಯಿಂದಲೇ ಸಲ್ಲಿಸಲು ಆನ್‌ಲೈನ್ ವ್ಯವಸ್ಥೆಯೂ ಇದೆ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು.

ಎದುರು ಪಕ್ಷಕ್ಕೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. ಕಣ್ಣಿಗೆ ಕಾಣದ ದೋಷವಾದರೆ ಆಯೋಗ ಮಾದರಿಯನ್ನು ಸೀಲು ಮಾಡಿ ಲ್ಯಾಬಿಗೆ ಕಳಿಸುತ್ತದೆ. ಪರೀಕ್ಷೆಯ ಶುಲ್ಕವನ್ನು ದೂರುದಾರ ಮೊದಲೇ ಕಟ್ಟಬೇಕಾಗಬಹುದು. ಪರೀಕ್ಷೆ ಬೇಡವಾದ ಪ್ರಕರಣ 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಆಶಿಸುತ್ತದೆ. ವಾಯಿದೆಯ ಮೇಲೆ ವಾಯಿದೆ ಬಿದ್ದು ವರ್ಷಗಳೇ ಹಿಡಿಯುವುದೂ ಉಂಟು. ಏಳುನೂರು ರೂಪಾಯಿಯ ಚಪ್ಪಲಿಗೆ ಯಾರು ಇಷ್ಟು ಅಲೆಯುತ್ತಾರೆ ಎಂಬ ಎಣಿಕೆಯ ಮೇಲೆಯೇ ಬಿಲ್ಲಿನಡಿಯ ಆ ಸಾಲು ಬದುಕಿದೆ.

ಆದೇಶ ಬಂದ ಮೇಲೂ ಹಣ ಕೈಸೇರದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಬೇಕು. ಸೋತವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಕೊಡಬೇಕಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದಂತೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.