ಖಾಲಿ ಉಳಿದ ಹನ್ನೊಂದನೇ ಕಾಲಂ

ಪುಣೆಯ ಆಫೀಸಿನಲ್ಲಿ ನನ್ನದು ಡೇಟಾಬೇಸ್ ಕೆಲಸ. ಟೇಬಲ್ಲಿನ ಒಂದು ಕಾಲಂ ಖಾಲಿ ಬಂದರೆ ಸಾಕು, ರಾತ್ರಿ ಹನ್ನೊಂದಕ್ಕೂ ಫೋನು ಹೊಡೆದುಕೊಳ್ಳುತ್ತದೆ. ಹಾಗಿರುವಾಗ, ಕಾಲಮ್ಮೊಂದನ್ನು ಬೇಕೆಂದೇ ಖಾಲಿ ಬಿಟ್ಟರು ಎನ್ನಲಾಗುವ ಅಧಿಕಾರಿಯೊಬ್ಬರ ಕಥೆ ಕಣ್ಣಿಗೆ ಬಿದ್ದರೆ ಬಿಡುವುದುಂಟೇ? ಫ್ರಾನ್ಸಿನ ಪ್ರತಿರೋಧ ಹೋರಾಟವೆಂದರೆ ರೈಲು ಹಳಿ ಸಿಡಿಸುವವರು, ಬಂದೂಕು ಹಿಡಿದು ಕಾಡು ಸೇರಿದವರು ಎಂದುಕೊಂಡಿದ್ದೆ. ರೆನೆ ಕಾರ್ಮಿಯ್ ಹಿಡಿದದ್ದು ಪಂಚ್ ಕಾರ್ಡು.

1886ರಲ್ಲಿ ಹುಟ್ಟಿದ ಕಾರ್ಮಿಯ್, ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿ ಸೈನ್ಯ ಸೇರಿ, ಅಲ್ಲಿನ ಲೆಕ್ಕಪತ್ರ ನೋಡುವ ಅಧಿಕಾರಿಯಾದವರು. ಸರಕಾರಿ ಕಚೇರಿಗಳಿಗೆ ಪಂಚ್ ಕಾರ್ಡ್ ಯಂತ್ರ ಬರಬೇಕೆಂಬ ಹಟ ಅವರದು. ದಪ್ಪ ಕಾಗದದಲ್ಲಿ ಸರಿಯಾದ ಜಾಗಕ್ಕೆ ತೂತು ಕೊರೆದರೆ ಯಂತ್ರ ಅದನ್ನು ಓದಿ ವಿಂಗಡಿಸುತ್ತದೆ. ನಾವು ಇವತ್ತು ಬರೆಯುವ ಕ್ವೆರಿಯ ಮುತ್ತಜ್ಜ ಎನ್ನಿ.

1940ರಲ್ಲಿ ಫ್ರಾನ್ಸ್ ಸೋತು ವಿಶಿ ಸರಕಾರ ಬಂತು. ಜನಸಂಖ್ಯಾ ಇಲಾಖೆಯ ಹೊಣೆ ಕಾರ್ಮಿಯ್ ಹೆಗಲಿಗೇರಿತು. ಕಚೇರಿ ಲಿಯೋನ್ ನಗರದಲ್ಲಿ. ಹೆಸರಿಗೆ ಅಂಕಿಅಂಶ. ಒಳಗೊಳಗೆ, ಸೈನ್ಯವನ್ನು ಮತ್ತೆ ಕಟ್ಟುವ ದಿನ ಬಂದರೆ ಯಾರನ್ನು ಎಲ್ಲಿಂದ ಕರೆಯಬೇಕೆಂಬ ಪಟ್ಟಿ ಸಿದ್ಧವಾಗುತ್ತಿತ್ತು, ಜರ್ಮನರ ಕಣ್ಣಿಗೆ ಮಣ್ಣೆರಚಿ. ಇದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ: ಲಿಂಗ, ಹುಟ್ಟಿದ ವರ್ಷ, ತಿಂಗಳು, ಊರು. ಫ್ರಾನ್ಸಿನ ಇಂದಿನ ಸಾಮಾಜಿಕ ಭದ್ರತೆಯ ಸಂಖ್ಯೆಗೆ ಇದೇ ಮೂಲ.

1941ರ ಜುಲೈನಲ್ಲಿ ನಡೆದ ಉದ್ಯೋಗ ಗಣತಿಯ ಫಾರ್ಮಿನಲ್ಲಿ 11ನೇ ಪ್ರಶ್ನೆ, ನೀವು ಯಹೂದಿಯೇ ಎಂಬುದು. ಜನ ಉತ್ತರಿಸಿದರು. ಆದರೆ ಆ ಉತ್ತರಗಳು ಕಾರ್ಡಿನ ಮೇಲೆ ತೂತುಗಳಾಗಲೇ ಇಲ್ಲ. ತೂತಿಲ್ಲದೆ ಯಂತ್ರ ಯಾರನ್ನೂ ಬೇರ್ಪಡಿಸಲಾರದು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿತ್ತು. ಆದರೆ ಆ ಪ್ರಶ್ನೆ ಇದ್ದದ್ದು ಅವರದೇ ಇಲಾಖೆಯ ಫಾರ್ಮಿನಲ್ಲಿ! ಅಲ್ಜೀರಿಯಾದಲ್ಲಂತೂ ಅದೇ ಸಂಖ್ಯೆಯ ಮೊದಲ ಅಂಕಿಯಿಂದಲೇ ಯಹೂದಿ, ಮುಸ್ಲಿಂ, ವಿದೇಶಿ ಎಂದು ವಿಂಗಡಿಸಲಾಗಿತ್ತು. ಬೇಕೆಂದೇ ತಡೆದರೋ, ಕೆಲಸ ತಾನಾಗಿ ಕುಂಟಿತೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ನೆದರ್ಲೆಂಡ್ಸಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಯಹೂದಿಗಳು ಸತ್ತರು, ಫ್ರಾನ್ಸಿನಲ್ಲಿ ಒಂದು ಪಾಲು. ಇದರ ಶ್ರೇಯವನ್ನೆಲ್ಲ ಒಂದು ಕಾಲಮ್ಮಿಗೆ ಕಟ್ಟುವುದು ನನಗೆ ಅತಿಯೆನಿಸುತ್ತದೆ. ಬಚ್ಚಿಟ್ಟು ಕಾಪಾಡಿದ ನೆರೆಹೊರೆಯವರನ್ನು ಮರೆಯಲಾದೀತೇ?

ಅವರು ತೆತ್ತ ಬೆಲೆಯ ಬಗ್ಗೆ ಮಾತ್ರ ತಕರಾರಿಲ್ಲ. 'ಮಾರ್ಕೊ ಪೋಲೊ' ಎಂಬ ಗುಪ್ತ ಜಾಲಕ್ಕೆ ದುಡಿಯುತ್ತಿದ್ದ ಕಾರ್ಮಿಯ್ ಅವರನ್ನು 1944ರ ಫೆಬ್ರವರಿ 3ರಂದು ಲಿಯೋನ್‌ನಲ್ಲಿ ಬಂಧಿಸಿದರು. ಆ ಊರಿನ ಗೆಸ್ಟಾಪೊ ಮುಖ್ಯಸ್ಥ ಕ್ಲಾಸ್ ಬಾರ್ಬಿ. ಜುಲೈನಲ್ಲಿ ಡಾಖೌ ಶಿಬಿರಕ್ಕೆ ಸಾಗಿಸಿದರು. ನಮ್ಮ ಟಿಪ್ಪು ವಂಶದ ನೂರ್ ಇನಾಯತ್ ಖಾನ್‌ಳನ್ನು ಅದೇ ಸೆಪ್ಟೆಂಬರ್‌ನಲ್ಲಿ ಗುಂಡಿಕ್ಕಿ ಕೊಂದದ್ದೂ ಅಲ್ಲೇ. 1945ರ ಜನವರಿ 25ರಂದು ಟೈಫಸ್ ಜ್ವರದಿಂದ ಕಾರ್ಮಿಯ್ ತೀರಿಕೊಂಡರು. ಶಿಬಿರ ಬಿಡುಗಡೆಯಾಗಲು ಇನ್ನು ಮೂರು ತಿಂಗಳಷ್ಟೇ ಉಳಿದಿತ್ತು.

ಕಳೆದ ತಿಂಗಳು ನಮ್ಮ ಗ್ರಾಹಕರೊಬ್ಬರ ಫಾರ್ಮಿಗೆ 'ಧರ್ಮ' ಎಂಬ ಕಾಲಂ ಸೇರಿಸಬೇಕೆಂದು, ಅದೂ ಕಡ್ಡಾಯವಾಗಿ, ಬೇಡಿಕೆ ಬಂತು. ಏಕೆ ಬೇಕು ಎಂದೆ. "ಇರಲಿ ಬಿಡಿ, ಮುಂದೆ ಯಾವಾಗಲಾದರೂ ಬೇಕಾಗಬಹುದು" ಎಂದರು. ಆ ಟಿಕೆಟ್ ಇನ್ನೂ ನನ್ನ ಹೆಸರಿನಲ್ಲೇ ಇದೆ.