ಟೈರಿನ ವಯಸ್ಸು ನೋಡಿದ್ದೀರಾ?



ಕುಕ್ಕರಿನ ಗ್ಯಾಸ್ಕೆಟನ್ನು ನೀವು ಯಾವಾಗ ಬದಲಿಸುತ್ತೀರಿ? ಅದು ಹರಿದಿರುವುದಿಲ್ಲ, ಸವೆದಿರುವುದೂ ಇಲ್ಲ. ಆದರೆ ಬದಿಯಿಂದ ಹಬೆ ಹೊರಬರತೊಡಗಿದರೆ ಸಾಕು, ರಬ್ಬರ್ ಗಟ್ಟಿಯಾಗಿದೆ ಎಂದು ನಿಮಗೆ ಗೊತ್ತಾಗುತ್ತದೆ. ಮರುದಿನವೇ ಹೊಸದನ್ನು ತರಿಸುತ್ತೀರಿ. ಮಗುವಿಗೆ ಔಷಧಿ ಕೊಡುವ ಮುನ್ನ ಬಾಟಲಿಯ ಮೇಲಿನ ದಿನಾಂಕವನ್ನೂ ನೋಡುತ್ತೀರಿ. ಅದೇ ಮಗುವನ್ನು ಕೂರಿಸಿಕೊಂಡು ಘಾಟಿ ಇಳಿಯುವ ಕಾರಿನ ಟೈರಿನ ಮೇಲೂ ಒಂದು ದಿನಾಂಕವಿದೆ. ಅದನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ?

ನಮ್ಮ ಕರಾವಳಿಯ ಅನೇಕ ಮನೆಗಳ ಸ್ಥಿತಿ ನಿಮಗೆ ತಿಳಿದದ್ದೇ. ಯಜಮಾನರು ಗಲ್ಫಿನಲ್ಲಿರುತ್ತಾರೆ, ಕಾರು ಅಂಗಳದಲ್ಲಿರುತ್ತದೆ. ಅದು ಹೊರಡುವುದು ಮದುವೆಗೆ, ಹಬ್ಬಕ್ಕೆ, ಆಸ್ಪತ್ರೆಗೆ ಅಥವಾ ಯಜಮಾನರು ರಜೆಯಲ್ಲಿ ಬಂದಾಗ ಮಾತ್ರ. ಎಂಟು ವರ್ಷವಾದರೂ ಟೈರಿನ ಗ್ರಿಪ್ ಹೊಸದರಂತೆಯೇ ಕಾಣುತ್ತದೆ. "ಹೆಚ್ಚು ಓಡಿಯೇ ಇಲ್ಲ, ಈಗೇಕೆ ಬದಲಿಸಬೇಕು?" ಎಂಬ ಮಾತು ನ್ಯಾಯವೆನಿಸುತ್ತದೆ. ಆದರೆ ಅಪಾಯವಿರುವುದು ಇಲ್ಲಿಯೇ. ಹೆಚ್ಚು ಓಡುವ ಕಾರಿನ ಟೈರು ಸವೆದು ಹಾಳಾಗುತ್ತದೆ. ನಿಂತೇ ಇರುವ ಕಾರಿನ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಸವೆತ ಕಣ್ಣಿಗೆ ಕಾಣುತ್ತದೆ, ಮುಪ್ಪು ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಇದೇಕೆ ಹೀಗೆ? ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ರಬ್ಬರನ್ನು ನಿಧಾನವಾಗಿ ಗಟ್ಟಿಗೊಳಿಸಿ ಬಿರುಕು ಬಿಡಿಸುತ್ತವೆ. ಇದನ್ನು ತಡೆಯಲೆಂದು ತಯಾರಕರು ರಬ್ಬರಿನೊಳಗೆ ಮೇಣದಂಥ ರಕ್ಷಕ ಪದಾರ್ಥಗಳನ್ನು ಬೆರೆಸಿರುತ್ತಾರೆ. ಟೈರು ಉರುಳುತ್ತಾ ಬಾಗಿ ಬಳುಕುವಾಗ ಅವು ಮೇಲ್ಮೈಗೆ ಬಂದು ಕಾಪಾಡುತ್ತವೆ. ನಿಂತ ಟೈರಿಗೆ ಆ ರಕ್ಷಣೆ ಸರಿಯಾಗಿ ಸಿಗುವುದಿಲ್ಲ. ಮೇಲಿಂದ ಬಿಸಿಲು, ಕೆಳಗಿಂದ ಕಾದ ಸಿಮೆಂಟು ಅಂಗಳ. ತಿಂಗಳುಗಟ್ಟಲೆ ಗಾಳಿ ನೋಡದಿದ್ದರೆ ಅದೂ ಇಳಿದಿರುತ್ತದೆ. ಹೀಗಿರುವ ಕಾರನ್ನು ಒಮ್ಮೆಲೇ ಏಳು ಜನ ಹತ್ತಿಸಿ ಬೆಂಗಳೂರಿಗೆ ಹೊರಡಿಸಿದರೆ ಟೈರು ಒಳಗಿಂದ ಕಾಯುತ್ತದೆ. ಉಕ್ಕಿನ ತಂತಿಯ ಪದರಗಳಿಗೂ ರಬ್ಬರಿಗೂ ಇರುವ ಬೆಸುಗೆ ಬಿಡುತ್ತದೆ. ಮೇಲ್ಪದರ ಕಳಚುತ್ತದೆ, ಇಲ್ಲವೇ ಟೈರು ಸಿಡಿಯುತ್ತದೆ.

ಅಮೆರಿಕದಲ್ಲಿ 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪೆನಿ 65 ಲಕ್ಷ ಟೈರುಗಳನ್ನು ವಾಪಸು ಪಡೆಯಬೇಕಾಯಿತು. ಓಡುತ್ತಿರುವಾಗಲೇ ಮೇಲ್ಪದರ ಕಳಚಿ ವಾಹನಗಳು ಮಗುಚಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದರು. ಅಲ್ಲಿ ತಯಾರಿಕೆಯ ದೋಷವೂ ಇತ್ತು. ಆದರೆ ಆ ಬಳಿಕ ಅಲ್ಲಿನ ಸರಕಾರ ಟೈರಿನ ಮುಪ್ಪಿನ ಬಗ್ಗೆಯೇ ಸಂಶೋಧನೆ ನಡೆಸಿತು. ಬಿಸಿ ಪ್ರದೇಶಗಳಲ್ಲಿ ಟೈರು ಬೇಗ ಮುಪ್ಪಾಗುತ್ತದೆ, ಡಿಕ್ಕಿಯಲ್ಲಿ ಸುಮ್ಮನೆ ಮಲಗಿರುವ ಸ್ಟೆಪ್ನಿಯೂ ಮುಪ್ಪಾಗುತ್ತದೆ ಎಂಬುದು ಅದರಿಂದ ಖಚಿತವಾಯಿತು. ಅಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಗಾಡಿಗಳಿವೆ. ವರ್ಷದಲ್ಲಿ ಕೆಲವೇ ವಾರ ಓಡುವ ಅವುಗಳ ಮಾಲೀಕರೂ ಗ್ರಿಪ್ಪಿಗಿಂತ ಮೊದಲು ವಯಸ್ಸನ್ನೇ ನೋಡುತ್ತಾರೆ. ಯುಎಇಯಲ್ಲಂತೂ 5 ವರ್ಷ ದಾಟಿದ ಟೈರಿದ್ದರೆ ಕಾರು ತಪಾಸಣೆಯಲ್ಲಿ ಪಾಸಾಗುವುದಿಲ್ಲ. ದುಬೈಯಲ್ಲಿ ಗಾಡಿ ಓಡಿಸುವ ನಿಮ್ಮ ಪತಿಗೆ, ಸಹೋದರನಿಗೆ ಇದು ಗೊತ್ತಿರುವ ವಿಷಯ. ಅಲ್ಲಿ ಪಾಲಿಸುವ ನಿಯಮವನ್ನು ಊರಿನ ಕಾರಿಗೆ ಏಕೆ ಮರೆಯಬೇಕು?

ವಯಸ್ಸು ತಿಳಿಯುವುದು ಕಷ್ಟವಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಅಚ್ಚೊತ್ತಿರುತ್ತದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ. 2619 ಎಂದಿದ್ದರೆ ಅದು 2019ರ 26ನೇ ವಾರ, ಅಂದರೆ ಜೂನ್ ಕೊನೆಯಲ್ಲಿ ತಯಾರಾದದ್ದು. 2025ರ ಜೂನ್‌ಗೆ ಅದಕ್ಕೆ 6 ವರ್ಷ ತುಂಬಿತು. ಈ ಸಂಖ್ಯೆ ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ. ಪಂಕ್ಚರ್ ಅಂಗಡಿಯವರು ತೋರಿಸಿಕೊಡುತ್ತಾರೆ.

ಇನ್ನು ತೀರ್ಮಾನಕ್ಕೆ ಬರೋಣ. ಟೈರಿಗೆ 5 ವರ್ಷವಾದ ಮೇಲೆ ಪ್ರತಿವರ್ಷ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. 6 ವರ್ಷಕ್ಕೆ ಬದಲಿಸಿ ಎಂದು ಅನೇಕ ಕಾರು ತಯಾರಕರು ಹೇಳುತ್ತಾರೆ. ಮಕ್ಕಳು ಮರಿಗಳೊಂದಿಗೆ ಹೆದ್ದಾರಿಯಲ್ಲಿ ದೂರ ಹೋಗುವವರು ಇದನ್ನೇ ಅನುಸರಿಸುವುದು ಒಳ್ಳೆಯದು. ನೋಡಲು ಎಷ್ಟೇ ಚೆನ್ನಾಗಿದ್ದರೂ 10 ವರ್ಷದ ಆಚೆಗೆ ಯಾವ ಟೈರನ್ನೂ, ಸ್ಟೆಪ್ನಿಯನ್ನೂ ಬಳಸಬಾರದು. ಬದಿಯಲ್ಲಿ ಉಬ್ಬು, ತಂತಿ ಕಾಣುವಂಥ ಸೀಳು, ಆಳದ ಬಿರುಕುಗಳಿದ್ದರೆ ಅಥವಾ ಗ್ರಿಪ್ಪಿನ ಆಳ 1.6 ಮಿ.ಮೀ.ಗೆ ಇಳಿದಿದ್ದರೆ ವರ್ಷ ಲೆಕ್ಕ ಹಾಕುವ ಅಗತ್ಯವೇ ಇಲ್ಲ, ಕೂಡಲೇ ಬದಲಿಸಿ. ಕಪ್ಪಗೆ ಹೊಳೆಯುವ ಪಾಲಿಶ್ ನಂಬಬೇಡಿ. ಅದು ಬಿರುಕನ್ನು ಮುಚ್ಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ.

ನಾಲ್ಕು ಟೈರಿನ ಖರ್ಚು ಸಣ್ಣದಲ್ಲ ಎಂಬುದು ನಿಜ. ಒಟ್ಟಿಗೆ ಸಾಧ್ಯವಾಗದಿದ್ದರೆ ಮೊದಲು ಎರಡನ್ನು ಕೊಂಡು ಹಿಂದಿನ ಚಕ್ರಗಳಿಗೆ ಹಾಕಿಸಿ, ಉಳಿದೆರಡು ಬರುವವರೆಗೆ ದೂರದ ಪ್ರಯಾಣ ಬೇಡ. ಅಗ್ಗಕ್ಕೆ ಸಿಗುವ ಹಳೆಯ ಟೈರಿನ ಆಸೆ ಬೇಡ. ಅಂಗಡಿಯ ಹೊಸ ಟೈರೂ ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತಿರಬಹುದು, ಆದ್ದರಿಂದ ಜೋಡಿಸುವ ಮುನ್ನವೇ ಸಂಖ್ಯೆ ಓದಿ. ಕಾರು ನಿಂತಿದ್ದರೂ ವಾರಕ್ಕೊಮ್ಮೆ ಸ್ವಲ್ಪ ದೂರ ಓಡಿಸಿ, ನೆರಳಲ್ಲಿ ನಿಲ್ಲಿಸಿ. ತಿಂಗಳಿಗೊಮ್ಮೆ ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ.

ಕಾರಿನ ವಿಷಯ ಗಂಡಸರದ್ದು ಎಂದು ದೂರ ಸರಿಯಬೇಡಿ ಸಹೋದರಿಯರೇ. ಯಜಮಾನರು ದೂರದಲ್ಲಿರುವಾಗ ಮನೆಯವರ ಸುರಕ್ಷೆಯ ಹೊಣೆ ನಿಮ್ಮ ಮೇಲಿರುತ್ತದೆ. ಇಂದು ಸಂಜೆ ಅಂಗಳಕ್ಕೆ ಇಳಿದು ಐದೂ ಟೈರುಗಳ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ, ಸ್ಟೆಪ್ನಿಯನ್ನು ಮರೆಯದಿರಿ. ಮುಂದಿನ ಬಾರಿ ಅವರ ಫೋನು ಬಂದಾಗ ಮಕ್ಕಳ ಅಂಕಪಟ್ಟಿಯ ಜೊತೆಗೆ ಇದನ್ನೂ ಓದಿ ಹೇಳಿ.