ಅರಸಾಳಿನ ಹಳೆಯ ನಿಲ್ದಾಣಕ್ಕೆ ಮಾಲ್ಗುಡಿಯ ಆಸರೆ

ಶಿವಮೊಗ್ಗ: ತಾಳಗುಪ್ಪದ ಕಡೆಗೆ ಸಾಗುವ ರೈಲು ಹೊಸನಗರ ತಾಲ್ಲೂಕಿನ ಅರಸಾಳನ್ನು ಮುಟ್ಟಿದಾಗ ಹಳಿಯ ಪಕ್ಕದಲ್ಲಿ ಹಳೆಯ ಕಾಲದ ಪುಟ್ಟ ಕಟ್ಟಡವೊಂದು ಕಣ್ಣಿಗೆ ಬೀಳುತ್ತದೆ. ಹಿಂದೆ ಊರಿನ ರೈಲು ನಿಲ್ದಾಣವಾಗಿದ್ದದ್ದು ಅದೇ. ಈಗ ಅಲ್ಲಿ ಟಿಕೆಟ್ ಕೊಡುವುದಿಲ್ಲ. ಅದೊಂದು ವಸ್ತುಸಂಗ್ರಹಾಲಯ, ಹೆಸರು ಮಾಲ್ಗುಡಿ.

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ರೈಲು ಬಂದದ್ದು 1899ರಲ್ಲಿ. ಮುಂದೆ ಮೈಸೂರು ಸಂಸ್ಥಾನದ ಆಡಳಿತದಲ್ಲಿ ಮಾರ್ಗವು ಮಲೆನಾಡಿನ ಒಳಕ್ಕೆ ವಿಸ್ತರಿಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು 1940ರಲ್ಲಿ ತಾಳಗುಪ್ಪವನ್ನು ತಲುಪಿತು. ಸಮೀಪದ ಜೋಗದಲ್ಲಿ ಜಲವಿದ್ಯುತ್ ಯೋಜನೆಯ ಕಾಮಗಾರಿ ನಡೆದ ವರ್ಷಗಳೂ ಅವೇ. ಆದರೆ ಹಳಿ ತಾಳಗುಪ್ಪದಿಂದ ಮುಂದಕ್ಕೆ ಹೋಗಲಿಲ್ಲ. ಕೊನೆಯಲ್ಲಿ ದಾರಿಯಿಲ್ಲದ ಮಾರ್ಗದಲ್ಲಿ ಸಂಚಾರ ಹೆಚ್ಚುವುದಾದರೂ ಹೇಗೆ? ಮೀಟರ್‌ಗೇಜಿನ ಕೊನೆಯ ದಿನಗಳಲ್ಲಿ ಇಲ್ಲಿ ಓಡುತ್ತಿದ್ದುದು ಬಸ್ಸನ್ನೇ ಹಳಿಯ ಮೇಲಿಟ್ಟಂತಿದ್ದ ರೈಲ್‌ಬಸ್.

ಈ ನಿರ್ಜನತೆಯೇ ಅರಸಾಳಿಗೆ ವರವಾಯಿತು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು 'ಮಾಲ್ಗುಡಿ ಡೇಸ್' ಧಾರಾವಾಹಿಯಾಗಿಸಿದ ಶಂಕರ್‌ನಾಗ್, ಬಹುಪಾಲು ಚಿತ್ರೀಕರಣವನ್ನು ಆಗುಂಬೆಯಲ್ಲಿ ನಡೆಸಿದರು. ಆಗುಂಬೆಗೆ ರೈಲಿಲ್ಲ, ಮಾಲ್ಗುಡಿಗೋ ರೈಲು ಬೇಕೇ ಬೇಕು. 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ತಮ್ಮ ಮನಸ್ಸಿನಲ್ಲಿ ಮೊದಲು ಮೂಡಿದ್ದು ಒಂದು ಸಣ್ಣ ರೈಲು ನಿಲ್ದಾಣವೆಂದು ನಾರಾಯಣ್ ಹೇಳಿಕೊಂಡಿದ್ದರು. ಅಂದು ಆರಂಭಿಸಿದ ಕಾದಂಬರಿ ಮುಗಿಯುವುದೂ ನಿಲ್ದಾಣದಲ್ಲೇ, ಊರು ಬಿಟ್ಟು ಹೊರಟ ಗೆಳೆಯ ರಾಜಂನನ್ನು ಸ್ವಾಮಿ ಬೀಳ್ಕೊಡುವಲ್ಲಿ. ಊಹೆಯ ಆ ನಿಲ್ದಾಣಕ್ಕೆ ಅರಸಾಳು ರೂಪ ಕೊಟ್ಟಿತು. 1986-87ರಲ್ಲಿ ದೂರದರ್ಶನದ ಮೂಲಕ ದೇಶವೇ ಅದನ್ನು ನೋಡಿತು.

ಬಳಿಕ ಬಂದದ್ದು ಗೇಜ್ ಪರಿವರ್ತನೆ. 1,000 ಮಿಲಿಮೀಟರ್ ಅಗಲದ ಹಳಿ ಹೋಗಿ 1,676 ಮಿಲಿಮೀಟರಿನದು ಬಂತು. ತಾಳಗುಪ್ಪದವರೆಗಿನ ಕಾಮಗಾರಿ 2011ರಲ್ಲಿ ಮುಗಿಯಿತು. ಅರಸಾಳಿಗೆ ಹೊಸ ನಿಲ್ದಾಣ ದೊರೆಯಿತು, ಹಳೆಯದು ಪಾಳುಬಿತ್ತು. ನೈರುತ್ಯ ರೈಲ್ವೆಯ ಮೈಸೂರು ವಿಭಾಗ ಅದನ್ನು ದುರಸ್ತಿಪಡಿಸಿ 2020ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದಕ್ಕೆ ರೂಪ ನೀಡಿದವರು ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್.

ಕಟ್ಟಡ ಉಳಿದದ್ದು ಸಂತೋಷದ ಸಂಗತಿ. ಆದರೆ ಅದನ್ನು ಉಳಿಸಿದ್ದು ದಶಕಗಳ ಕಾಲ ಪ್ರಯಾಣಿಕರಿಗೆ ಸಲ್ಲಿಸಿದ ಸೇವೆಯಲ್ಲ, ಕ್ಯಾಮೆರಾದ ಮುಂದೆ ಕಳೆದ ಕೆಲವೇ ದಿನಗಳು. ರಾಜ್ಯದಲ್ಲಿ ಅಗಲ ಹಳಿ ಬಂದ ಎಲ್ಲೆಡೆ ಮೀಟರ್‌ಗೇಜ್ ಕಾಲದ ಕಟ್ಟಡಗಳಿಗೆ ಈ ಅದೃಷ್ಟ ಒದಗಲಿಲ್ಲ; ಅವುಗಳ ಬಗ್ಗೆ ಯಾರೂ ಕಥೆ ಬರೆದಿರಲಿಲ್ಲ. ನಿಲ್ದಾಣಕ್ಕೇ ಮಾಲ್ಗುಡಿ ಎಂದು ಮರುನಾಮಕರಣ ಮಾಡುವ ಮಾತೂ 2019ರಲ್ಲಿ ಕೇಳಿಬಂದಿತ್ತು. ಸದ್ಯ ರೈಲು ನಿಲ್ಲುವ ಕಡೆ ಊರಿನ ಹೆಸರು ಅರಸಾಳೆಂದೇ ಇದೆ. ಮಾಲ್ಗುಡಿ ಎಂಬ ಹೆಸರು ರೈಲು ನಿಲ್ಲದ ಹಳೆಯ ಕಟ್ಟಡದ್ದು.